ಚೆಕ್ಕಿಂಗ್ ಮೇಡಂ ಕಲಿತ ಆಟ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚೆಕ್ಕಿಂಗ್ ಮೇಡಂ ಅನ್ನುತ್ತಿದ್ದರು. ಮೇಡಂ ಅಂದ ಮಾತ್ರಕ್ಕೆ ಕುರ್ಚಿಯೇನೂ ಇರಲಿಲ್ಲ. ಬೆಳಗ್ಗೆಯಿಂದ ಟ್ಯೂಬ್‌ಲೈಟಿನ ಕೆಳಗೆ ನಿಂತು, ಹೊಲಿದು ಬಂದ ಅಂಗಿಗಳನ್ನು ಒಳಗೂ ಹೊರಗೂ ತಿರುವಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಪುಟ್ಟ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಬಾಣ ಬಿದ್ದ ಅಂಗಿ ಹೊಲಿದವರ ಬಳಿಗೇ ವಾಪಸು. ಅವರು ಬಿಚ್ಚಿ ಮತ್ತೆ ಹೊಲಿಯಬೇಕು. ಹೊಲಿಯುವ ಹೆಂಗಸರು ಹಿಂದಿನಿಂದ ಅವಳಿಗೆ ಶಾಪ ಹಾಕುತ್ತಿದ್ದರು, ಎದುರಿಗೆ ಟೀ ಕೊಡಿಸುತ್ತಿದ್ದರು.

ಈ ಕಣ್ಣು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ. ಬಸ್ಸಿನಲ್ಲಿ ಮುಂದೆ ನಿಂತವರ ಕಾಲರಿನಿಂದ ನೂಲು ಕಿತ್ತು ಬೈಸಿಕೊಂಡದ್ದೂ ಉಂಟು. ಕೆಲಸ ಮುಗಿದ ಮೇಲೂ ಓವರ್‌ಟೈಮ್ ಅಂದರೆ ಮೊದಲು ಕೈ ಎತ್ತುವವಳು ಅವಳೇ. ಸುಮ್ಮನೆ ಕೂರುವುದೆಂದರೆ ಅವಳಿಗೆ ಮೈಮೇಲೆ ಇರುವೆ ಹರಿದಂತೆ.

ಮನೆಯಲ್ಲಿ ಗಂಡ ಸುಮ್ಮನೆ ಕೂತಿದ್ದ. ಲಾರಿ ಡ್ರೈವರ್ ಆಗಿದ್ದವನು. ಪಾರ್ಶ್ವವಾಯು ಹೊಡೆದು ಎಡಗಾಲು ಮಾತು ಕೇಳದಂತಾದಾಗಿನಿಂದ ಕಿಟಕಿ ಪಕ್ಕದ ಮಂಚವೇ ಅವನ ಲೋಕ. ನೆಲ ಒರೆಸಲೆಂದು ಅವಳು ಕಟಿಂಗ್ ವಿಭಾಗದಿಂದ ಒಂದು ಚೀಲ ಚಿಂದಿ ಬಟ್ಟೆ ತಂದಿಟ್ಟಿದ್ದಳು. ಅದರ ಮೇಲೆ ಅವನ ಕಣ್ಣು ಬಿತ್ತು. ಲಾರಿಯ ಟಾರ್ಪಾಲು ಹೊಲಿದು ಗೊತ್ತಿದ್ದ ಕೈ. ಸೂಜಿ ದಾರ ತೆಗೆದುಕೊಂಡು ಪ್ರಾಣಿಗಳನ್ನು ಹೊಲಿಯತೊಡಗಿದ. ಎಂಥ ಪ್ರಾಣಿಗಳು! ಒಂದರ ಕಿವಿ ನೆಲ ಗುಡಿಸುತ್ತಿತ್ತು, ಇನ್ನೊಂದಕ್ಕೆ ಹೊಟ್ಟೆ ಬಿಟ್ಟು ಬೇರೇನೂ ಇರಲಿಲ್ಲ. ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲಿ ಹೊಸದೊಂದನ್ನು ಎತ್ತಿ ಹಿಡಿದು ಕೇಳುವನು:

"ಏ ಮೇಡಂ, ಇದು ಯಾವ ಪ್ರಾಣಿ ಹೇಳು ನೋಡೋಣ?"

"ಅಯ್ಯೋ, ಸುಸ್ತಾಗಿದೆ ಕಣ್ರೀ. ನಾಳೆ ಹೇಳ್ತೀನಿ."

ಆ ನಾಳೆ ಎಂದೂ ಬರಲಿಲ್ಲ. ಒಂದು ಸಂಜೆ, ದೊಡ್ಡ ಆರ್ಡರಿನ ಗಡಿಬಿಡಿಯಲ್ಲಿ ಬೆಂದು ಬಂದವಳ ಕೈಗೇ ಅವನು ಗೊಂಬೆಯನ್ನು ಇಟ್ಟುಬಿಟ್ಟ. "ಇವತ್ತು ಹೇಳಲೇಬೇಕು. ನಿನಗೋಸ್ಕರ ಮಾಡಿದ್ದು." ಅವಳು ತಿರುಗಿಸಿ ನೋಡಿದಳು. ಅಂಗಿ ನೋಡುವ ಹಾಗೆ ಹಿಂದೆ ನೋಡಿದಳು, ಮುಂದೆ ನೋಡಿದಳು. ಕೈ ತಾನಾಗಿಯೇ ಸ್ಟಿಕ್ಕರ್ ಹಾಳೆಯಿದ್ದ ಜೇಬಿಗೆ ಹೋಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವಷ್ಟರಲ್ಲಿ ಕುತ್ತಿಗೆಗೊಂದು, ಕಿವಿಗೊಂದು, ಹೊಟ್ಟೆಗೆರಡು ಕೆಂಪು ಬಾಣ ಅಂಟಿಸಿಯಾಗಿತ್ತು.

"ರಿಜೆಕ್ಟಾ?" ಅಂದು ಅವನು ನಕ್ಕ. ಅವಳೂ ನಕ್ಕಳು. ಅದು ನಗುವಂಥ ವಿಷಯವೆಂದೇ ಅಂದುಕೊಂಡಳು, ಪಾಪ.

ಆರ್ಡರ್ ಮುಗಿದು ಒಂದು ದಿನ ಬೇಗ ಬಂದಾಗ ಅವನು ಆ ಗೊಂಬೆಯನ್ನೇ ಎತ್ತಿ ತೋರಿಸಿದ. ಬಾಣ ತೋರಿಸಿದಲ್ಲೆಲ್ಲ ಬಿಚ್ಚಿ, ಅಳತೆ ಹಿಡಿದು, ಮತ್ತೆ ಹೊಲಿದಿದ್ದ. ಎರಡು ಕಿವಿಯೂ ಒಂದೇ ಅಳತೆ, ಕುತ್ತಿಗೆ ನೆಟ್ಟಗೆ. ಯಾವ ಅಂಗಡಿಯಲ್ಲಾದರೂ ಸಿಗುವಂಥ ಅಚ್ಚುಕಟ್ಟಾದ ನಾಯಿ. ಯಾವ ಪ್ರಾಣಿ ಎಂದು ಅವನು ಕೇಳಲೇ ಇಲ್ಲ.

"ಈಗ ನೋಡು ಮೇಡಂ, ಪಾಸಾ?"

ಆಗ ಅವಳಿಗೆ ತಿಳಿಯಿತು. ಜಗತ್ತಿನಲ್ಲಿ ತನಗಾಗಿಯೇ ಆಟ ಕಟ್ಟುತ್ತಿದ್ದವನು ಒಬ್ಬನೇ. ಅವನನ್ನೂ ತನ್ನ ಕೈಯಾರೆ ಕಾರ್ಖಾನೆಯ ಹೊಲಿಗೆ ಲೈನಿಗೆ ಕೂರಿಸಿದ್ದಳು. ಅಂದಿನಿಂದ ಚಿಂದಿ ಚೀಲದ ಬಾಯಿ ಕಟ್ಟಿಯೇ ಇತ್ತು. ಅವಳೇ ಬಿಚ್ಚಿ ಮುಂದಿಟ್ಟರೆ, "ಬಿಡು, ನನ್ನ ಕೈ ಸರಿ ಇಲ್ಲ" ಅನ್ನುತ್ತಿದ್ದ.

ಮರುವಾರ ಓವರ್‌ಟೈಮಿಗೆ ಹೆಸರು ಬರೆಯುವಾಗ ಅವಳು ಕೈ ಎತ್ತಲಿಲ್ಲ. ಸೂಪರ್‌ವೈಸರ್ ಕನ್ನಡಕ ಮೇಲೇರಿಸಿದ.

"ಏನಮ್ಮಾ, ಮನೇಲಿ ಅಂಥಾ ಕೆಲಸ ಏನಿದೆ?"

"ಕೆಲಸ ಇಲ್ಲ ಸರ್. ಆಟ ಆಡ್ಬೇಕು."

"ತಮಾಷೆ ಮಾಡ್ಬೇಡ. ಟಾರ್ಗೆಟ್ ಯಾರು ಮುಗಿಸ್ತಾರೆ? ನಿನ್ನ ಟೇಬಲ್ಲಿಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ."

"ಹಾಕಿ ಸರ್."

ಹಾಕಿಯೇಬಿಟ್ಟರು. ಅವಳನ್ನು ಪ್ಯಾಕಿಂಗಿಗೆ ದಬ್ಬಿದರು. ಮೇಡಂ ಅನ್ನುವ ಪಟ್ಟ ಹೋಯಿತು, ಟೀ ಕೊಡಿಸುವವರೂ ಹೋದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಗಂಟೆ ಹೊಡೆದ ಕೂಡಲೇ ಮನೆಗೆ ಬಂದು, ಮಂಚದ ಪಕ್ಕ ನೆಲದ ಮೇಲೆ ಕೂತು ಬಟ್ಟೆ ಕತ್ತರಿಸತೊಡಗಿದಳು. ಆಟ ಬರುವುದೆಂದರೆ ಅಷ್ಟು ಸುಲಭವೇ? ಅವಳು ಹೊಲಿದದ್ದೆಲ್ಲ ನೇರ, ಸಮ, ಜೀವವಿಲ್ಲದ್ದು. ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಆದರೂ ಅವಳು ಬಿಡಲಿಲ್ಲ. ಕಡೆಗೊಂದು ದಿನ ಅವನಿಗೇ ತಡೆಯಲಾಗಲಿಲ್ಲ.

"ಅದೇನು ಮೊಲಾನೋ ದಿಂಬೋ? ಕಣ್ಣು ಮುಚ್ಕೊಂಡು ಕತ್ತರಿಸೇ."

"ಬೆರಳು ಹೋಗುತ್ತೆ ಕಣ್ರೀ!"

"ಹೋಗಲ್ಲ. ನಿಧಾನವಾಗಿ ಕತ್ತರಿಸು. ನಾನು ನೋಡ್ತಾ ಇರ್ತೀನಲ್ಲ."

ಅವಳು ಕಣ್ಣು ಮುಚ್ಚಿದಳು. ಅಷ್ಟು ವರ್ಷ ಬಟ್ಟೆ ಮುಟ್ಟಿದ್ದರೂ, ನೋಡದೆ ಮುಟ್ಟಿದ್ದು ಅದೇ ಮೊದಲು. ಹೊಲಿದು ಹತ್ತಿ ತುಂಬಿದ ಮೇಲೆ ಅದಕ್ಕೆ ಮೂರು ಕಾಲು, ಒಂದು ಗೂನು, ಮತ್ತು ಯಾರನ್ನೋ ಗದರಿಸುವಂಥ ಮೂತಿ.

"ಇದು ಯಾವ ಪ್ರಾಣಿ ಹೇಳಿ ನೋಡೋಣ?" ಅಂದಳು.

ಅವನು ಗಂಭೀರವಾಗಿ ಯೋಚಿಸಿ, "ನಿಮ್ಮ ಸೂಪರ್‌ವೈಸರು" ಅಂದ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲಿನ ಸಂಜೆಗಳು ಹಾಗೇ ಹೋದವು. ಅವನೂ ಸೂಜಿ ಹಿಡಿದ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಹೆಸರು ಹೇಳಬೇಕು, ಮಾಡಿದವರು ಬಾಯಿ ಬಿಡುವಂತಿಲ್ಲ, ಅದೊಂದೇ ನಿಯಮ. ಅವನು ಹೇಳುತ್ತಿದ್ದ ಹೆಸರಿನ ಪ್ರಾಣಿಗಳು ಯಾವ ಕಾಡಿನಲ್ಲೂ ಇಲ್ಲದವು. ಮದುವೆಯಾದ ಹೊಸತರಲ್ಲೂ ಅವರು ಅಷ್ಟು ಹೊತ್ತು ಎದುರುಬದುರು ಕೂತಿರಲಿಲ್ಲ. ಆಗ ಅವನಿಗೆ ಲಾರಿ, ಇವಳಿಗೆ ಕಾರ್ಖಾನೆ.

ಮಳೆಗಾಲ ಮುಗಿಯುವ ಮೊದಲೇ ಪಾರ್ಶ್ವವಾಯು ಎರಡನೆಯ ಸಲ ಹೊಡೆಯಿತು. ಅವಳು ಪ್ಯಾಕಿಂಗಿನಲ್ಲಿದ್ದಳು. ಪಕ್ಕದ ಮನೆಯವರು ಫೋನ್ ಮಾಡಿ, ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜೊತೆಗಿರಲು ಬಂದ ನಾದಿನಿ ಒಳ್ಳೆಯವಳೇ. ಕೆಲವು ದಿನ ನೋಡಿ, "ಅತ್ತಿಗೆ, ಮತ್ತೆ ಓವರ್‌ಟೈಮಿಗೆ ಹೋಗಿ. ಕೈತುಂಬ ಕೆಲಸ ಇದ್ರೆ ಮರೆತುಹೋಗುತ್ತೆ" ಅಂದಳು.

"ಮರೆಯೋಕೆ ಇಷ್ಟ ಇಲ್ಲಮ್ಮ ನನಗೆ. ಕೆಲಸದಲ್ಲಿ ಮುಳುಗಿ ಅವರನ್ನ ಮರೆತದ್ದು ಆಗ್ಲೇ ಸಾಕಷ್ಟು ಆಗಿದೆ."

ನಾದಿನಿ ಊರಿಗೆ ಹೋದ ಸಂಜೆ ಅವಳು ಗಂಟೆ ಹೊಡೆದಾಗಲೇ ಮನೆಗೆ ಬಂದಳು. ಮಂಚದ ಪಕ್ಕದ ಅದೇ ಜಾಗದಲ್ಲಿ ಕೂತು, ಕಣ್ಣು ಮುಚ್ಚಿ ಕತ್ತರಿಸಿದಳು, ಹೊಲಿದಳು. ಆದದ್ದನ್ನು ನೋಡಿ ಅವಳಿಗೇ ನಗು ಉಕ್ಕಿತು. ಅಷ್ಟು ತುಂಟ ಮುಖ ಇದುವರೆಗೆ ಇಬ್ಬರ ಕೈಯಲ್ಲೂ ಬಂದಿರಲಿಲ್ಲ. ನಗುತ್ತಲೇ ಅದನ್ನು ಮಂಚದ ಕಡೆ ಎತ್ತಿ ಹಿಡಿದು, ಯಾವ ಪ್ರಾಣಿ ಎಂದು ಕೇಳಿಬಿಟ್ಟಳು. ಮಡಿಸಿಟ್ಟ ಹಾಸಿಗೆ ಹಾಗೇ ಇತ್ತು. ಒಂದು ಹೆಸರು ಅವಳ ನಾಲಿಗೆ ತುದಿಗೇ ಬಂದಿತ್ತು, ಅವನು ಕೇಳಿದ್ದರೆ ಬಿದ್ದು ಬಿದ್ದು ನಗುವಂಥ ಹೆಸರು. ಆದರೆ ಮಾಡಿದವರು ಹೇಳುವಂತಿಲ್ಲ. ಅವಳು ಗೊಂಬೆಯನ್ನು ಮಡಿಲಿಗೆ ಇಳಿಸಿಕೊಂಡು, ಬೀದಿಗೆ ಕೇಳಿಸುವಷ್ಟು ಜೋರಾಗಿ ಅತ್ತಳು.