ಅಮ್ಮ ಬಂದಾಳೆಂದು ಬೇವು ಕಟ್ಟಿದ ಬಾಗಿಲು

ಕೂಡ್ಲಿಗಿ ಕಡೆಯ ಆ ಊರಿನಲ್ಲಿ ಯಾರ ಮೈಮೇಲೆ ಕೆಂಪು ಗುಳ್ಳೆ ಎದ್ದರೂ ಮೊದಲು ಎರ್ರೆಮ್ಮನಿಗೆ ಕರೆ ಹೋಗುತ್ತಿತ್ತು. ಆಕೆ ಬಂದು ನೋಡಿ, "ಅಮ್ಮ ಬಂದಾಳ" ಎಂದರೆ ಮುಗಿಯಿತು. ಆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಏರುತ್ತಿತ್ತು, ಒಗ್ಗರಣೆಯ ಸದ್ದು ನಿಲ್ಲುತ್ತಿತ್ತು. ಅಮ್ಮ ಇರುವಷ್ಟು ದಿನ ಔಷಧಿ ಮುಟ್ಟುವಂತಿಲ್ಲ, ಮಲಗಿದವರು ಹೊಸಿಲು ದಾಟುವಂತಿಲ್ಲ. ಎರ್ರೆಮ್ಮನ ಮುಖದ ತುಂಬ ಸಿಡುಬಿನ ಕಲೆ. ಚಿಕ್ಕಂದಿನಲ್ಲಿ ಅಮ್ಮ ಅವಳ ತಂಗಿಯರನ್ನೆಲ್ಲ ಕರೆದುಕೊಂಡು ಹೋಗಿ ಇವಳೊಬ್ಬಳನ್ನು ಬಿಟ್ಟಿದ್ದಳು. ಅಮ್ಮನೇ ಬಿಟ್ಟುಹೋದವಳ ಮಾತನ್ನು ಮೀರುವವರು ಯಾರು?

ಗಂಡ ಸತ್ತಮೇಲೆ ಎರ್ರೆಮ್ಮ ಹುಣಸೆಹಣ್ಣು ಬಡಿದೇ ಮಗ ಗಾದೆಪ್ಪನನ್ನು ಸಾಕಿದಳು. ತೋಪಿನಿಂದ ಮೂಟೆ ಬರುತ್ತಿದ್ದವು. ಸಿಪ್ಪೆ, ನಾರು, ಬೀಜ ತೆಗೆದು ಹಣ್ಣು ಕೊಡುವುದು ಹೆಂಗಸರ ಕೆಲಸ. ಸೊಸೆ ಹಂಪಮ್ಮ ಬಂದಮೇಲೆ ಇಬ್ಬರೂ ಎದುರುಬದುರು ಕೂತು ಬಡಿಯುತ್ತಿದ್ದರು. ಮಾತಿಗೇನೂ ಬರವಿರಲಿಲ್ಲ.

"ಅತ್ತಿ, ನಿಮ್ಮ ಏಟಿಗೆ ಬೀಜಕಿಂತ ಹಣ್ಣ ಹೆಚ್ಚು ಹಾರತೈತಿ ನೋಡ್ರಿ."

"ಹಾರಿದ್ದು ಕಣ್ಣಿಗೆ ಕಾಣತೈತಿ. ನಿನ್ನ ಬಾಯಾಗ ಹೋಗಿದ್ದು ಯಾರಿಗೆ ಕಾಣತೈತಿ?"

ಹೊರಗಿನವರಿಗೆ ಅದು ಜಗಳದ ಹಾಗೆ ಕೇಳಿಸುತ್ತಿತ್ತು. ಹೆಣ್ಣುಮಕ್ಕಳಿಲ್ಲದ ಎರ್ರೆಮ್ಮನಿಗೆ ಅದೇ ಹಬ್ಬ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಬೇಸಿಗೆಯಲ್ಲಿ ಹಂಪಮ್ಮನ ಗಂಟಲು ಊದಿ ಉಗುಳು ನುಂಗಲಾರದಂತಾಯಿತು. ಕೂಡ್ಲಿಗಿಗೆ ಹೋಗಿ ಡಾಕ್ಟರಿಗೆ ತೋರಿಸಿ ಕೆಂಪು-ಹಳದಿ ಗುಳಿಗೆ ತಂದರು. ಗಂಟಲು ಸಡಿಲಾಯಿತು, ಆದರೆ ಎದೆ, ಬೆನ್ನು, ತೊಡೆಯ ಮೇಲೆಲ್ಲ ಕೆಂಪಗೆ ಗಂಧೆ ಎದ್ದವು. ತುರಿಸಿ ತುರಿಸಿ ಹಂಪಮ್ಮ ಕೂತಲ್ಲಿ ಕೂರಲಿಲ್ಲ.

ಎರ್ರೆಮ್ಮ ನೋಡಿದಳು. "ಅಮ್ಮ ಬಂದಾಳ. ಆ ಗುಳಿಗಿ ಇನ್ನ ಮುಟ್ಟಬ್ಯಾಡ."

ಬೇವಿನ ಎಲೆ ಹಾಸಿ ಮಲಗಿಸಿದರು. ಗುಳಿಗೆ ನಿಂತಿತು, ಗಂಧೆಯೂ ಇಳಿದವು. ಮೊಸರನ್ನದ ಎಡೆ ಕೊಟ್ಟು ಅಮ್ಮನನ್ನು ಕಳಿಸಿಕೊಟ್ಟರು. ಇಳಿದದ್ದು ಬೇವಿನಿಂದಲೋ ಗುಳಿಗೆ ಬಿಟ್ಟದ್ದರಿಂದಲೋ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಹಂಪಮ್ಮ ಮಾತ್ರ ಎಂದಾದರೊಮ್ಮೆ, "ಗುಳಿಗಿ ನುಂಗಿದ ಮ್ಯಾಲೇ ಎದ್ದುವಲ್ರಿ ಅತ್ತಿ" ಎನ್ನುತ್ತಿದ್ದಳು. "ಅಮ್ಮನ ವಿಷಯದಾಗ ಅನುಮಾನ ಮಾಡಬಾರದವ್ವ" ಎಂದು ಎರ್ರೆಮ್ಮ ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದಳು.

ಕೆಲವು ವರ್ಷ ಕಳೆದು ಮತ್ತೆ ಹುಣಸೆಯ ಕಾಲ ಬಂತು. ಬಡಿಯುವ ಕಲ್ಲು ಜಾರಿ ಹಂಪಮ್ಮನ ಹೆಬ್ಬೆರಳ ಮೇಲೆ ಬಿತ್ತು. ಅರಿಶಿನ ಕಟ್ಟಿದರೂ ಬೆರಳಿನಲ್ಲಿ ಕೀವು ತುಂಬಿ ಕೈ ಮೊಣಕೈವರೆಗೆ ಬಾತಿತು. ಎರ್ರೆಮ್ಮನೇ ಜೊತೆಗೆ ಹೊರಟು ಕೂಡ್ಲಿಗಿಗೆ ಕರೆದೊಯ್ದಳು. ಈ ಸಲ ಬೇರೆ ಡಾಕ್ಟರು, ಎಳೆ ವಯಸ್ಸಿನ ಹುಡುಗ. ಕೀವು ತೆಗೆದು ಕಟ್ಟು ಕಟ್ಟಿ ಕೇಳಿದ:

"ಹಿಂದೆ ಯಾವುದಾದ್ರೂ ಮಾತ್ರೆ, ಸೂಜಿ ತಗೊಂಡು ಮೈಮೇಲೆ ದದ್ದು, ತುರಿಕೆ ಬಂದಿತ್ತೇನಮ್ಮಾ? ಬಂದಿದ್ರೆ ಹೇಳಿ, ಬೇರೆ ಬರೀತೀನಿ."

"ಒಂದ್ಸಲ ರೀ, ಗಂಟಲಿಗೆ…" ಎಂದು ಹಂಪಮ್ಮ ಶುರುಮಾಡಿದಳು.

ಎರ್ರೆಮ್ಮ ಅವಳ ತೋಳು ಚಿವುಟಿದಳು. ಅಮ್ಮನನ್ನು ದದ್ದು ಎನ್ನುವುದೇ? ಅದೂ ಚಪ್ಪಲಿ ಹಾಕಿಕೊಂಡು ಕೂತವನ ಮುಂದೆ? "ಏನಿಲ್ರಿ ಸಾಹೇಬ್ರ. ಈಕಿಗೆ ಎಲ್ಲಾ ಔಷಧಿನೂ ಆಗಿ ಬರತೈತಿ."

ಡಾಕ್ಟರು ಚೀಟಿ ಬರೆದುಕೊಟ್ಟ.

ಮನೆಗೆ ಬಂದು ಊಟವಾದಮೇಲೆ ಹಂಪಮ್ಮ ಗುಳಿಗೆಯನ್ನು ಅಂಗೈಲಿಟ್ಟುಕೊಂಡು ಕೂತಳು. "ಅತ್ತಿ, ಇವು ಆವತ್ತಿನ ಗುಳಿಗಿ ಅಲ್ಲ, ಹೌದಿಲ್ರಿ?"

"ಅವು ಕೆಂಪು-ಹಳದಿ ಇದ್ದುವು. ಇವು ನೀಲಿ ಅದಾವ. ಕಣ್ಣಿಲ್ಲೇನ ನಿನಗ? ನುಂಗು, ಕೈ ಉಳೀಬೇಕಲ್ಲ."

ನುಂಗಿದಳು. ಪಾತ್ರೆ ತೊಳೆಯಲು ಎದ್ದವಳು ಅಂಗೈ, ಅಂಗಾಲು ತುರಿಸುತ್ತವೆ ಎಂದಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಗಂಧೆ. ತುಟಿ ದಪ್ಪಗಾದವು, ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು. ಪಕ್ಕದ ಮನೆಯ ಚೌಡಕ್ಕ ಓಡಿಬಂದಳು. ಗಾದೆಪ್ಪ ಹೊರಗೆ ಹುಣಸೆ ಮೂಟೆ ಹೇರುತ್ತಿದ್ದವನು ಒಳಗೆ ಬಂದ. ಟೆಂಪೋ ಬಾಗಿಲಲ್ಲೇ ನಿಂತಿತ್ತು.

"ಯವ್ವಾ, ಎತ್ತು. ಟೆಂಪೋದಾಗ ಹಾಕ್ಕೊಂಡು ಹೋಗಾಮ."

ಎರ್ರೆಮ್ಮ ಆಗಲೇ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟುತ್ತಿದ್ದಳು. "ಅಮ್ಮ ಮನಿಯಾಗ ಇರೂವಾಗ ಹೊಸಿಲು ದಾಟಿಸ್ತಿ ಏನಲೇ? ಹಿಂದಿನ ಸಲ ಯಾರು ಉಳಿಸಿದ್ರು ಆಕಿನ್ನ?"

"ಉಸುರು ಎಳಿಯಾಕ ಆಗವಲ್ದು ಯವ್ವ ಆಕಿಗೆ."

"ಅಮ್ಮ ಸಿಟ್ಟಿಗೆ ಬಂದಾಳ. ತಂಪು ಮಾಡೂಣು, ಇಳೀತಾಳ."

ಗಾದೆಪ್ಪ ತಾಯಿಯ ಮಾತು ಮೀರಿದವನಲ್ಲ. ನಿಂತ. ಚೌಡಕ್ಕ ನೀರು ಚಿಮುಕಿಸಿದಳು, ಎರ್ರೆಮ್ಮ ಬೇವಿನಿಂದ ಗಾಳಿ ಹಾಕಿದಳು. ಹಂಪಮ್ಮ ಏನೋ ಹೇಳಲು ಬಾಯಿ ತೆರೆದಳು. ನಾಲಿಗೆ ಬಾಯಿ ತುಂಬ ಊದಿತ್ತು, ಮಾತು ಹೊರಡಲಿಲ್ಲ. ಮುಚ್ಚಿದ ಮುಷ್ಟಿ ಬಿಚ್ಚಿ ಅತ್ತೆಗೆ ತೋರಿಸಿದಳು. ಅದರಲ್ಲಿ ಗುಳಿಗೆಯ ಚೀಟಿಯಿತ್ತು.

ಅವಳ ತುಟಿ ನೀಲಿಯಾದಾಗ ಗಾದೆಪ್ಪ ತಾಯಿಯನ್ನು ಪಕ್ಕಕ್ಕೆ ನೂಕಿ ಹೆಂಡತಿಯನ್ನು ಎತ್ತಿಕೊಂಡ. ಬಾಗಿಲಲ್ಲಿ ಬೇವಿನ ಎಲೆ ಅವಳ ಮುಖಕ್ಕೆ ಸವರಿದವು. ಮೂಟೆಗಳ ಮೇಲೆಯೇ ಮಲಗಿಸಿದ. ಎರ್ರೆಮ್ಮನೂ ಹಿಂದೆಯೇ ಹತ್ತಿದಳು, ಟೆಂಪೋ ಹೊರಟಿತು. ಕೂಡ್ಲಿಗಿಯ ಮೊದಲ ದೀಪ ಕಾಣುವ ಮೊದಲೇ ಅವಳ ತಲೆ ಗಾದೆಪ್ಪನ ತೊಡೆಯ ಮೇಲೆ ವಾಲಿತು.

ಅದೇ ಡಾಕ್ಟರು ಚೀಟಿ ನೋಡಿದ, ಎರ್ರೆಮ್ಮನನ್ನು ನೋಡಿದ. ಹಿಂದಿನದನ್ನೆಲ್ಲ ಈಗ ಅವಳೇ ಹೇಳಿದಳು. ಅವನಿಗೆ ಬೈಯಲು ಬಾಯಿ ಬರಲಿಲ್ಲ.

"ಗಂಟಲಿಗೆ ಕೊಟ್ಟಿದ್ದೂ ಕೀವಿಗೆ ಕೊಟ್ಟಿದ್ದೂ ಒಂದೇ ಜಾತಿ ಔಷಧಿ ಅಮ್ಮಾ. ಮೇಲಿನ ಬಣ್ಣ ಅಷ್ಟೇ ಬೇರೆ. ಸಾವಿರಾರು ಜನಕ್ಕೆ ಅದು ಜೀವ ಉಳಿಸುತ್ತೆ. ಒಮ್ಮೆ ದದ್ದು ಎದ್ದ ಮೈಗೆ ಮಾತ್ರ ಮತ್ತೆ ಕೊಡಬಾರದು. ಉಸಿರು ಕಟ್ಟಿದ ಕೂಡಲೇ ಬಂದಿದ್ರೂ ಸೂಜಿ ಹಾಕಿ ನೋಡಬಹುದಿತ್ತು."

ಎರ್ರೆಮ್ಮ ಅಳಲಿಲ್ಲ. "ಅಮ್ಮ ಅಲ್ಲೇನ್ರಿ ಹಂಗಾದ್ರ?" ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ.

ಗಾದೆಪ್ಪ ತಾಯಿಯ ಜೊತೆ ಮಾತು ಬಿಟ್ಟ. ಕೂಳು ಇಟ್ಟರೆ ಉಣ್ಣುತ್ತಿದ್ದ, ಅಷ್ಟೆ. ಬಾಗಿಲ ಬೇವು ಅಲ್ಲೇ ಒಣಗಿ ಪುಡಿಪುಡಿಯಾಗಿ ಉದುರಿತು. ಅಮ್ಮನಿಗೆ ಕಟ್ಟಿದ್ದಲ್ಲ ಅಂದಮೇಲೆ ಅದನ್ನು ಬಿಚ್ಚುವ ಶಾಸ್ತ್ರ ಯಾವುದೆಂದು ಎರ್ರೆಮ್ಮನಿಗೂ ಗೊತ್ತಿರಲಿಲ್ಲ. ಹುಣಸೆ ಬಡಿಯಲು ಒಬ್ಬಳೇ ಕೂರುತ್ತಿದ್ದಳು. ಎದುರಿನ ಕಲ್ಲನ್ನು ಎತ್ತಿಡಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಚೌಡಕ್ಕನ ಮೊಮ್ಮಗಳ ಮೈಮೇಲೆ ಕೆಂಪು ಎದ್ದಿತು. ಊರಿನ ಅಭ್ಯಾಸ ಅಷ್ಟು ಬೇಗ ಹೋಗುವುದಲ್ಲ, ಎರ್ರೆಮ್ಮನಿಗೇ ಕರೆ ಬಂತು. ಹೋದಳು. ಮಗುವಿನ ಅಂಗಿ ಎತ್ತುವ ಮೊದಲೇ ಕೇಳಿದಳು:

"ಏನರ ಗುಳಿಗಿ, ಸೂಜಿ ಆಗೇತೇನು ಈ ಕೂಸಿಗೆ?"

"ಕಿವಿ ಸೋರ್ತಿತ್ತಂತ ಮೊನ್ನಿ ಔಷಧಿ ತಂದಿದ್ವಿ."

"ಅದನ್ನ ನಿಲ್ಲಸ್ರಿ. ಆ ಬಾಟ್ಲಿ, ಚೀಟಿ ತಗೊಂಡು ಈಗ ಬಸ್ಸು ಹತ್ರಿ. ಆ ಡಾಕ್ಟ್ರು ಕೇಳಿದ್ದಕ್ಕೆಲ್ಲ ಹೇಳ್ರಿ, ಏನೂ ಮುಚ್ಚಬ್ಯಾಡ್ರಿ. ಮುಂದ ಯಾವ ಡಾಕ್ಟ್ರ ಹಂತ್ಯಾಕ ಹೋದ್ರೂ ಅವರು ಕೇಳೂಕಿಂತ ಮೊದ್ಲ ಹೇಳ್ರಿ."

"ಅಮ್ಮ ಇದ್ದಾಳೇನೋ ಅಂತ…" ಎಂದಳು ಮಗುವಿನ ತಾಯಿ.

ಚೌಡಕ್ಕ ಗೋಡೆಗೆ ಮುಖ ಮಾಡಿ ಅಂದಳು: "ಸೊಸಿನ್ನ ನುಂಗಿದ ಮ್ಯಾಲೆ ಈಕಿಗೆ ಬುದ್ಧಿ ಬಂತು."

ಎರ್ರೆಮ್ಮ ಮಗುವನ್ನು ಎತ್ತಿ ತಾಯಿಯ ಕಂಕುಳಲ್ಲಿ ಕೂರಿಸಿ, ಸೆರಗು ಹೊದಿಸಿದಳು.

"ಅಮ್ಮ ಇದ್ರ ಇರ್ಲಿ ಬಿಡ್ರಿ. ಬಸ್ಸಿನ್ಯಾಗ ಕೂಸಿನ ಸಂಗಡ ಆಕಿನೂ ಬರತಾಳ. ನಡೀರಿ."