ಫೋನು ಅಳಿಸಿದ ಸದ್ದು

ಬನಹಟ್ಟಿ, ಮಧ್ಯಾಹ್ನ. ಸೀರೆ ಕೊಳ್ಳಲು ನಾನು ಹೊಕ್ಕ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಮನೆಯೊಡತಿ ಶಾಂತವ್ವ ಧಾರವಾಡದ ಮಗಳಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಮಗ್ಗದತ್ತ ಹಿಡಿದು ನಿಂತಿದ್ದರು. ಪರದೆಯಲ್ಲಿ ಎಳೆಯ ಮೊಮ್ಮಗ ಅಳುತ್ತಿದ್ದ.

"ಬಾಣಂತನದಾಗ ಐದು ತಿಂಗಳು ಇಲ್ಲೇ ಮಲಗ್ಯಾನ್ರಿ. ಈಗ ಮಗ್ಗದ ಸಪ್ಪಳಿಲ್ಲಂದ್ರ ನಿದ್ದಿನ ಮಾಡವಲ್ಲ," ಎಂದು ಅವರು ನನ್ನ ಕಿವಿಯ ಬಳಿ ಬಂದು ಕೂಗಿದರು. "ನಮ್ಮ ಓಣ್ಯಾಗ ಕರೆಂಟ್ ಹೋತಂದ್ರ ಕೂಸುಗೋಳೆಲ್ಲ ಎಚ್ಚರಾಗಿ ಅಳತಾವ."

ಮಗಳು ಕಿವಿ ಮುಟ್ಟಿಕೊಂಡು ಕೈಯಾಡಿಸಿದಳು. ಅವಳಿಗೆ ಮಗ್ಗದ ಸದ್ದೇ ಕೇಳಿಸುತ್ತಿರಲಿಲ್ಲ.

ಆಗ ನನಗೆ ಹೊಳೆಯಿತು. ಮಾತು ಸ್ಪಷ್ಟವಾಗಲೆಂದು ಫೋನು ಸುತ್ತಲಿನ ಗದ್ದಲವನ್ನು ತಾನಾಗಿಯೇ ಅಳಿಸಿಬಿಡುತ್ತದೆ. ಯಾವುದು ಗದ್ದಲ ಎಂಬುದನ್ನು ಎಲ್ಲೋ ಒಂದು ಕಂಪನಿಯ ತಣ್ಣನೆಯ ಕೋಣೆಯಲ್ಲಿ ಕುಳಿತವರು ಮೊದಲೇ ತೀರ್ಮಾನಿಸಿರುತ್ತಾರೆ. ಇದನ್ನು ಹೇಳಿದಾಗ ಶಾಂತವ್ವ ಫೋನನ್ನೇ ದುರುಗುಟ್ಟಿ ನೋಡಿದರು.

"ಇದು ಗದ್ದಲ ಅಂತ ಅವರಿಗೆ ಯಾರ್ ಹೇಳ್ಯಾರ್ರಿ?"

ಕಾಲ್ ಬಿಟ್ಟು ಸದ್ದನ್ನು ರೆಕಾರ್ಡ್ ಮಾಡಿ ಕಳಿಸುವುದನ್ನು ತೋರಿಸಿಕೊಟ್ಟೆ. ಒಂದು ನಿಮಿಷದಷ್ಟು ಕಳಿಸಿದರು. ಸ್ವಲ್ಪ ಹೊತ್ತಿಗೆ ಮಗಳ ಉತ್ತರ ಬಂತು: "ಕಣ್ಣು ಮುಚ್ಚಿದ್ದ. ಸಪ್ಪಳ ಮುಗಿದ ಕೂಡಲೆ ಮತ್ತ ಎದ್ದ. ಉದ್ದಂದು ಕಳಸವ್ವ."

ಶಾಂತವ್ವ ಫೋನನ್ನು ಮಗ್ಗದ ಪಕ್ಕದ ಸ್ಟೂಲಿನ ಮೇಲಿಟ್ಟು ರೆಕಾರ್ಡ್ ಬಟನ್ ಒತ್ತಿದರು. ಬೇರೆ ಬಣ್ಣದ ಸೀರೆ ಇದೆಯೇ ಎಂದು ಕೇಳಲು ನಾನು ಬಾಯಿ ತೆರೆದೆ. ನಾಲ್ಕು ಮಗ್ಗಗಳ ಆ ಆರ್ಭಟದ ನಡುವೆ ಅವರು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ನನಗೆ ಸನ್ನೆ ಮಾಡಿದರು.