ಮೊದಲರ್ಧ ಚಿಕ್ಕಮಾದುವಿನದು

ನನಗೆ ಸಿಕ್ಕ ಮೊದಲ ಕೆಲಸ, ಹಿಂದೆ ನಿಂತು ಕೂಗುವುದು. ಡಿಪ್ಲೊಮಾದಲ್ಲಿ ಎರಡು ಸಲ ಫೇಲಾದವನಿಗೆ ಅದೇ ಹೆಚ್ಚು. ಘೋಷಣೆಯ ಮೊದಲರ್ಧ ಚಿಕ್ಕಮಾದು ಮಾವನದು, ಉಳಿದರ್ಧ ನಮ್ಮಂಥವರದು. ಅರ್ಧ ಮಾತು ಕೂಗಿದವನು ಪೂರ್ತಿ ಅರ್ಥಕ್ಕೆ ಜವಾಬ್ದಾರನಲ್ಲ ಎಂದು ನಾನು ಹಾಯಾಗಿದ್ದೆ.

ಚಿಕ್ಕಮಾದುವಿನ ಗಂಟಲಿಗೆ ನಂಜನಗೂಡಿನಿಂದ ತಿ. ನರಸೀಪುರದವರೆಗೆ ಹೆಸರಿತ್ತು. ಮೈಕು ಕೆಟ್ಟರೆ ಸಭೆ ನಿಲ್ಲುತ್ತಿರಲಿಲ್ಲ, ಅವನಿಗೆ ನೆಗಡಿಯಾದರೆ ನಿಲ್ಲುತ್ತಿತ್ತು. ಅವನು ಕೂಗುತ್ತಿದ್ದದ್ದು ನಮ್ಮ ಕಡೆಯ ಮಾಜಿ ಅಧ್ಯಕ್ಷರೊಬ್ಬರಿಗೆ. ಯಾವುದರ ಅಧ್ಯಕ್ಷರು ಎಂಬುದನ್ನು ಜನ ಮರೆತಿದ್ದರು, ಅಧ್ಯಕ್ಷರೇ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ. ಇಬ್ಬರ ನಡುವೆ ಒಂದು ಸನ್ನೆ ಇತ್ತು: ಅವರು ಹೆಗಲ ಮೇಲಿನ ಟವೆಲು ಮುಟ್ಟಿದರೆ ಇವನು ಕೂಗಬೇಕು.

ತೊಂಬತ್ತನಾಲ್ಕರ ಚುನಾವಣೆಯಲ್ಲಿ ಅವನು "ಹೊಲ ಮಾರಿದರೆ" ಎಂದರೆ ನಾವು "ಕುಲ ನಾಶ!" ತೊಂಬತ್ತೊಂಬತ್ತರ ಹೊತ್ತಿಗೆ ಅಧ್ಯಕ್ಷರು ಪಾರ್ಟಿ ಬದಲಿಸಿದ್ದರು, ಊರ ಪಕ್ಕ ಕಾರ್ಖಾನೆ ಬರುವುದಿತ್ತು. ಈಗ "ಹೊಲ ಕೊಟ್ಟರೆ" ಎಂದರೆ "ಕುಲ ಉದ್ಧಾರ!"

"ಮಾವ, ಮೊದ್ಲು ನಾಸ ಅಂತಿದ್ವಲ್ಲ?" ಎಂದೆ.

"ಯಾವಾಗ್ಲಾ? ಅದು ಆ ಪಾರ್ಟಿಯೋರು ಕೂಗಿದ್ದು."

"ನೀನೇ ಕಣ್ ಮಾವ, ಹುಲ್ಲಳ್ಳಿ ಸಂತೇಲಿ ಲಾರಿ ಮೇಲೆ ನಿಂತ್ಕಂಡು..."

"ಓದಿದ್ದೇ ನಿಂಗೆ ನೆಪ್ಪಿರಕಿಲ್ಲ, ಇದು ನೆಪ್ಪಾಯ್ತಾ?"

ಅದು ಸುಳ್ಳು ಹೇಳುವವನ ಮುಖವಾಗಿರಲಿಲ್ಲ. ನಿಜವಾಗಿಯೂ ಮರೆತಿದ್ದ. ನೋಡುತ್ತ ನೋಡುತ್ತ ನನಗೇ ಅನುಮಾನ ಬಂತು, ಅವತ್ತು ಲಾರಿಯ ಹಿಂದೆ ನಾನಿದ್ದೆನೇ ಎಂದು.

ಕಾರ್ಖಾನೆಗೆ ಬೇಕಾದ ಜಾಗದಲ್ಲಿ ಅವನ ಹೆಂಡತಿ ರಾಚಮ್ಮನ ಹೊಲವೂ ಇತ್ತು. ತವರಿನವರು ಅವಳಿಗೆ ಕೊಟ್ಟದ್ದು. ಮನೆಯ ರಾಗಿ, ಅವರೆ ಎಲ್ಲ ಅಲ್ಲಿಂದಲೇ. ಸಭೆಯಲ್ಲಿ ತಕರಾರು ಹೇಳಿದವರ ಹೊಲ ಬಿಟ್ಟು ಅಳೆಯುತ್ತೇವೆ ಎಂದು ಸರ್ವೆಯ ಸಾಹೇಬರು ತಮಟೆ ಹೊಡೆಸಿದರು. ರಾಚಮ್ಮ ಹೇಳಲು ತಯಾರಾದಳು. "ನಾಳೀಕೆ ನೀ ಬಾಯ್ ಬುಡಬ್ಯಾಡ" ಎಂದು ಗಂಡನಿಂದ ಮಾತು ತೆಗೆದುಕೊಂಡಳು. ಅವನು ತಾಯಾಣೆ ಇಟ್ಟ.

ಶಾಲೆಯ ಮುಂದೆ ಸಭೆ. ಬೇಸಿಗೆ, ಶಾಮಿಯಾನದ ಕೆಳಗೆ ಬೇಯುತ್ತಿದ್ದೆವು. "ತಕರಾರು ಇರೋರು ಹೇಳ್ರಪ್ಪ" ಎಂದರು ಸಾಹೇಬರು. ರಾಚಮ್ಮ ಸೆರಗು ಬಿಗಿದು ಎದ್ದಳು. "ನನ್ ಒಲ ಸಾ..." ಎನ್ನುವಷ್ಟರಲ್ಲಿ ವೇದಿಕೆಯ ಮೇಲಿದ್ದ ಅಧ್ಯಕ್ಷರು ಬೆವರು ಒರೆಸಿಕೊಳ್ಳಲು ಟವೆಲಿಗೆ ಕೈ ಹಾಕಿದರು.

"ಹೊಲ ಕೊಟ್ಟರೆ!"

"ಕುಲ ಉದ್ಧಾರ!"

ನನ್ನ ದನಿಯೂ ಅದರಲ್ಲಿತ್ತು. ಬಾಯಿ ನನ್ನನ್ನು ಕೇಳಲಿಲ್ಲ. ರಾಚಮ್ಮನ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಅಧ್ಯಕ್ಷರಿಗೆ ಮೊದಲು ಗಾಬರಿ, ಆಮೇಲೆ ಖುಷಿ. ಸಾಹೇಬರು "ಎಲ್ಲರ ಒಪ್ಪಿಗೆ ಇದೆ" ಎಂದು ಜೀಪು ಹತ್ತಿದರು. ರಾಚಮ್ಮ ಕಾಲುವೆಯ ತನಕ ಜೀಪಿನ ಹಿಂದೆ ಓಡಿದಳು.

ಅವಳನ್ನು ಮನೆಗೆ ಕರೆತಂದವನು ನಾನೇ. ಚಿಕ್ಕಮಾದು ಜಗುಲಿಯ ಮೇಲೆ ಕೂತಿದ್ದ.

"ಯಾಕ್ ಕೂಗ್ದೆ?" ಎಂದಳು.

"ಅಧ್ಯಕ್ಸರು ಟವಲ್ ಮುಟ್ಟುದ್ರು ಕಣಮ್ಮಿ."

"ಸೆಕೆಗೆ ಮುಟ್ಟುದ್ರು!"

"ಮುಟ್ಟುದ್ರಲ್ಲ," ಎಂದ. "ಒಳ್ಳೇದೇ ಆಯ್ತದೆ ಬುಡು. ಕುಲ ಉದ್ದಾರ ಆಯ್ತದೆ." ಸಮಾಧಾನಕ್ಕೆ ಹೇಳಿದ್ದಲ್ಲ, ನಂಬಿದ್ದ.

ರಾಚಮ್ಮ ಕಚೇರಿಗೆ ಅಲೆದಳು. "ಸಭೇಲಿ ಹೇಳ್ಬೇಕಿತ್ತಮ್ಮ" ಎಂದರಂತೆ. ಮಳೆಗಾಲಕ್ಕೆ ಮೊದಲೇ ಹೊಲದ ಸುತ್ತ ಬೇಲಿ ಎದ್ದಿತು. ಅವಳು ಹುಲ್ಲಹಳ್ಳಿ ಕಡೆಯ ಗದ್ದೆಗಳಿಗೆ ಕಳೆ ಕೀಳುವ ಕೂಲಿಗೆ ಹೋಗತೊಡಗಿದಳು. ಬೇಲಿಯೊಳಗೆ ನನಗೆ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಕುಲ ಉದ್ಧಾರವಾದದ್ದು ಅಷ್ಟೇ.

ಎರಡು ಸಾವಿರದ ನಾಲ್ಕರಲ್ಲಿ ಅಧ್ಯಕ್ಷರು ಹಳೆಯ ಪಾರ್ಟಿಗೆ ವಾಪಸಾದರು. ನಾನು ಪಾಳಿ ಮುಗಿಸಿ ಬರುವಾಗ ಕಾರ್ಖಾನೆಯ ಗೇಟಿನ ಮುಂದೆ ಚಿಕ್ಕಮಾದು, "ಕಸಿದ ಹೊಲ!" ಹಿಂದೆ ಹೊಸ ಹುಡುಗರು, "ಬಿಟ್ಟುಕೊಡಿ!" ಅದೇ ಹೊತ್ತಿಗೆ ರಾಚಮ್ಮ ಕೂಲಿಯಿಂದ ಬರುತ್ತಿದ್ದಳು. ಅವನು ಓಡಿ ಹೋಗಿ ಅಡ್ಡ ನಿಂತ.

"ನೀನೂ ಬಂದು ಕೂಗಮ್ಮಿ. ಯಾರ್ದೋ ಒಲ ಕಿತ್ಕಂಡವ್ರಂತೆ, ಪಾಪಿಗಳು!"

ಅವಳು ಅವನ ಮುಖವನ್ನೇ ನೋಡಿದಳು. ಇದನ್ನು ಕೇಳಲಾರದೆ ನಾನು ಸೈಕಲ್ ಹತ್ತುತ್ತಿದ್ದೆ, ಅಷ್ಟರಲ್ಲಿ ಅವಳ ಮಾತು ಕಿವಿಗೆ ಬಿತ್ತು.

"ಗಂಟ್ಲು ಕಟ್ಕಂಡದೆ, ಬಿಸ್ನೀರ್ ಕುಡಿ" ಎಂದು ಹೇಳಿ ರಾಚಮ್ಮ ಊರಿನ ದಾರಿ ಹಿಡಿದಳು.